ಮೋಲ್ ಲೆಕ್ಕ: ಸೂತ್ರ ಹಿಡಿಯೋದಾ, ಯುನಿಟ್ ಹೊಡೆಯೋದಾ?

ಫಸ್ಟ್ ಪಿಯು ಕೆಮಿಸ್ಟ್ರಿಯಲ್ಲಿ ಶುರುವಿಗೇ ಕಾಡುವುದು ಈ ಮೋಲ್. ಒಂದು ಮೋಲ್ ಅಂದರೆ 6.022 × 10²³ ಕಣಗಳ ಗುಂಪು, ಅಷ್ಟೇ. ಕಣ ಎಣಿಸಲು ಸಾಮಾನ್ಯವಾಗಿ ಎರಡು ದಾರಿ ಹೇಳಿಕೊಡುತ್ತಾರೆ. ಒಂದು ಸೂತ್ರ: ಗ್ರಾಂ ಲೆಕ್ಕದ ರಾಶಿಯನ್ನು ಮೋಲಾರ್ ರಾಶಿಯಿಂದ (ಒಂದು ಮೋಲ್ ಎಷ್ಟು ಗ್ರಾಂ ಅನ್ನುವುದು; ನೀರಿಗೆ 18) ಭಾಗಿಸಿ, ಬಂದದ್ದನ್ನು 6.022 × 10²³ರಿಂದ ಗುಣಿಸಿ. ಇನ್ನೊಂದರಲ್ಲಿ ಯುನಿಟ್ ಬರೆಯುತ್ತಾ, ಮೇಲೆ ಕೆಳಗೆ ಹೊಡೆದುಹಾಕುತ್ತಾ ಹೋಗಬೇಕು.

9 ಗ್ರಾಂ ನೀರಲ್ಲಿ ಅಣುಗಳೆಷ್ಟು? ಸೂತ್ರಕ್ಕೆ ಎರಡೇ ಸಾಲು. 9 ÷ 18 = 0.5 ಮೋಲ್, ಅಂದರೆ 3.011 × 10²³ ಅಣು. ಸಿಇಟಿಯಂಥ ಕಡೆ ಗಡಿಯಾರ ಓಡುತ್ತಿರುತ್ತದಲ್ವಾ, ಅಲ್ಲಿಗೆ ಇದೇ ಸರಿ.

ಅದೇ ಪ್ರಶ್ನೆ ‘ಪರಮಾಣುಗಳೆಷ್ಟು’ ಅಂತ ತಿರುಗಿದರೆ? ಸೂತ್ರ ಬಾಯಿಪಾಠ ಮಾಡಿದವರು ಇಲ್ಲೇ ಜಾಸ್ತಿ ಎಡವುವುದು. ಯುನಿಟ್ ದಾರಿ ನೋಡಿ:

9 ಗ್ರಾಂ × (1 ಮೋಲ್ / 18 ಗ್ರಾಂ) × (6.022 × 10²³ ಅಣು / 1 ಮೋಲ್) × (3 ಪರಮಾಣು / 1 ಅಣು)

ಗ್ರಾಂ, ಮೋಲ್, ಅಣು ಎಲ್ಲ ಹೊಡೆದುಹೋಗಿ 9.033 × 10²³ ಪರಮಾಣು ಉಳಿಯುತ್ತದೆ. ಕೊನೆಯ ಹೆಜ್ಜೆ ಮರೆತರೆ ಉತ್ತರದ ಪಕ್ಕ ‘ಅಣು’ ಅಂತಲೇ ಉಳಿದು ತಪ್ಪು ಕಣ್ಣಿಗೆ ಹೊಡೆಯುತ್ತದೆ. ಸೂತ್ರದಲ್ಲಿ ಈ ಕಾವಲು ಇಲ್ಲ.

ಅನಿಲದ ಲೆಕ್ಕಕ್ಕೆ ಎರಡು ದಾರಿಯೂ ಒಂದೇ. ಒತ್ತಡ ಮಾತ್ರ ನೋಡಿಕೊಳ್ಳಿ: 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಮೋಲ್ ಅನಿಲದ ಗಾತ್ರ, ಒತ್ತಡ 1 ಅಟ್ಮಾಸ್ಫಿಯರ್ ಆದರೆ 22.4 ಲೀಟರ್, 1 ಬಾರ್ ಆದರೆ 22.7.

ನನ್ನನ್ನು ಕೇಳಿದರೆ, ಹೊಸಬರಿಗೆ ಯುನಿಟ್ ದಾರಿಯೇ ವಾಸಿ. ಕೈ ಕುದುರಿದ ಮೇಲೆ ಸೂತ್ರಕ್ಕೆ ಬನ್ನಿ.