1.0 ಟರ್ಬೊ ಪೆಟ್ರೋಲ್, ನಾಲ್ಕು ವರ್ಷದ ನಂತರ: ಘಾಟಿಗೆ ಸೈ, ಆಯಿಲ್ ವಿಷಯದಲ್ಲಿ ಹುಷಾರು

ಮೂರು ಸಿಲಿಂಡರಿನ 998 ಸಿಸಿ ಟರ್ಬೊ ಪೆಟ್ರೋಲ್ ಕಾರು, ಮ್ಯಾನುಯಲ್ ಗೇರು. ನಾಲ್ಕು ವರ್ಷದಿಂದ ನನ್ನ ಹತ್ತಿರ ಇದೆ. "ಒಂದು ಲೀಟರ್ ಎಂಜಿನ್ ಘಾಟಿ ಹತ್ತುತ್ತಾ?" ಅಂತ ಈಗಲೂ ಕೇಳುತ್ತಾರೆ. ಧಾರಾಳವಾಗಿ ಹತ್ತುತ್ತದೆ.

ಉಜಿರೆ ಕಡೆಯಿಂದ ಚಾರ್ಮಾಡಿ ಏರುವಾಗ ನೋಡಬೇಕು. ಐದು ಜನ, ಡಿಕ್ಕಿ ತುಂಬ ಲಗೇಜು, ಎಸಿ ಬೇರೆ. ತಿರುವಿನಲ್ಲಿ ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದರೆ, 2000 ಆರ್‌ಪಿಎಂ ಹತ್ತಿರ ಬರುತ್ತಿದ್ದಂತೆ ಗಾಡಿ ಎಳೆದುಕೊಂಡು ಹೋಗುತ್ತದೆ. ಹಿಂದೆ ಇದ್ದ 1.2 ಲೀಟರ್ ಕಾರಿಗೆ ಅದೇ ತಿರುವಿನಲ್ಲಿ ಮೊದಲ ಗೇರೇ ಬೇಕಿತ್ತು. ಅದರ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, 114 ಎನ್‌ಎಂ, ಇದರದು 172.

ಈ ಶಕ್ತಿ ಬರುವುದು ಸುಮ್ನೆ ಹೊರಗೆ ಹೋಗುವ ಹೊಗೆಯಿಂದ. ಬಿಸಿ ಹೊಗೆ ಸೈಲೆನ್ಸರ್ ಕಡೆ ಹೋಗುವ ಮುಂಚೆ ಟರ್ಬೊದ ಒಂದು ಪುಟ್ಟ ಚಕ್ರ ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿ ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ನಡುವೆ ಅದನ್ನು ತಣ್ಣಗಾಗಿಸುವ ಇಂಟರ್‌ಕೂಲರ್ ಇರುತ್ತದೆ. ಗಾಳಿ ಜಾಸ್ತಿ ಹೋದರೆ ಪೆಟ್ರೋಲೂ ಜಾಸ್ತಿ ಉರಿಯುತ್ತದೆ, ಅಲ್ವಾ? ಬೆಂಗಳೂರಿನ ಎತ್ತರದಲ್ಲೇ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು 10% ಕಮ್ಮಿ. ಮಾಮೂಲಿ ಎಂಜಿನ್ನಿಗೆ ಅದು ಪೂರ್ತಿ ನಷ್ಟ. ಟರ್ಬೊ ಅದನ್ನು ಬಹುಪಾಲು ತುಂಬಿಕೊಡುತ್ತದೆ.

ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಮಾತ್ರ ಕಿರಿಕಿರಿ. ಹಂಪ್ ಇಳಿಸಿ ಎರಡನೇ ಗೇರಿನಲ್ಲಿ ಒತ್ತಿದರೆ ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಹೊಗೆಯೇ ಕಮ್ಮಿ, ಚಕ್ರ ವೇಗ ಹಿಡಿಯುವವರೆಗೆ ಕಾಯಲೇಬೇಕು. ಇದೇ ಟರ್ಬೊ ಲ್ಯಾಗ್. ಹಳೆಯ ಮರ್ಸಿಡಿಸ್ ಕಾರುಗಳ ಹಿಂದೆ 'ಕಂಪ್ರೆಸರ್' ಅಂತ ಬರೆದಿರುತ್ತದಲ್ಲ, ಅವು ಸೂಪರ್‌ಚಾರ್ಜರ್ ಗಾಡಿಗಳು. ಸೂಪರ್‌ಚಾರ್ಜರ್ ಕೂಡ ಗಾಳಿ ಒತ್ತಿ ತುಂಬುತ್ತದೆ, ಆದರೆ ಅದನ್ನು ಹೊಗೆಯ ಬದಲು ಎಂಜಿನ್ನೇ ಬೆಲ್ಟ್ ಮೂಲಕ ತಿರುಗಿಸುತ್ತದೆ, ಹಾಗಾಗಿ ಲ್ಯಾಗ್ ಇಲ್ಲ. ಆದರೆ ಅದಕ್ಕೆ ಎಂಜಿನ್ನಿನ ಶಕ್ತಿಯೇ ಖರ್ಚಾಗುತ್ತದೆ. ಮೈಲೇಜ್ ನೋಡುವ ನಮ್ಮ ಸಣ್ಣ ಕಾರುಗಳಿಗೆ ಟರ್ಬೊನೇ ಸರಿ.

ಮೈಲೇಜ್ ಪೂರ್ತಿ ಕಾಲಿನ ಮೇಲೆ ನಿಂತಿದೆ. ಹೈವೇಯಲ್ಲಿ ಹದವಾಗಿ ಓಡಿಸಿದರೆ ಲೀಟರಿಗೆ 17, ಸಿಟಿಯಲ್ಲಿ 11 ಬಂದರೆ ಹೆಚ್ಚು.

ಇನ್ನು ಆಯಿಲ್. ನಾನು ಹೋಗುವ ಗ್ಯಾರೇಜಿನಲ್ಲಿ ಬೇರೆ ಯಾರದೋ ಕಾರಿನ ಟರ್ಬೊ ಬಿಚ್ಚಿಟ್ಟಿದ್ದರು. ಮೆಕ್ಯಾನಿಕ್ ಶಾಫ್ಟಿನ ತುದಿ ಹಿಡಿದು ಅಲ್ಲಾಡಿಸಿದರು, ಲಟಲಟ ಅಂತಿತ್ತು. "ಆಯಿಲ್ ಸುಟ್ಟು ಕರಿ ಕಟ್ಟಿದೆ ನೋಡಿ ಸರ್" ಅಂತ ಆಯಿಲ್ ಬರುವ ಸಣ್ಣ ಪೈಪ್ ತೋರಿಸಿದರು. ಒಳಗೆ ಕಡ್ಡಿ ತೂರುವಷ್ಟೂ ಜಾಗ ಇರಲಿಲ್ಲ. ಈ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಜಾಸ್ತಿ ತಿರುಗುತ್ತದೆ, ಅದನ್ನು ಕಾಯುವುದು ಆಯಿಲಿನ ತೆಳು ಪದರ ಮಾತ್ರ. ಅದಕ್ಕೇ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಸಿಂಥೆಟಿಕ್ ಆಯಿಲನ್ನೇ ಹಾಕಿಸುತ್ತೇನೆ, ಗಡುವಿಗೆ ಮುಂಚೆಯೇ ಬದಲಾಯಿಸುತ್ತೇನೆ. ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದಾಗ ಬಿಸಿ ಟರ್ಬೊ ಸ್ವಲ್ಪ ತಣ್ಣಗಾಗಲಿ ಅಂತ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟೇ ಎಂಜಿನ್ ಆಫ್ ಮಾಡುವುದು.

ಓಡಾಟ ಬರೀ ಸಿಟಿಯೊಳಗೇ ಆದರೆ ಮಾಮೂಲಿ 1.2 ತಗೊಳ್ಳಿ, ದುಡ್ಡೂ ಉಳಿಯುತ್ತದೆ. ತಿಂಗಳಿಗೊಮ್ಮೆ ಮಲೆನಾಡು, ಕರಾವಳಿ ಕಡೆ ಹೋಗುವವರು ಟರ್ಬೊನೇ ತಗೊಳ್ಳಿ, ಜೊತೆಗೆ ಎಕ್ಸ್‌ಟೆಂಡೆಡ್ ವಾರಂಟಿ ಹಾಕಿಸಿ.