ಲಾಗ್ ಕಳಿಸಬೇಕು ಅಂದ, 44,499 ರೂಪಾಯಿ ಹೊಡೆದ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಬೈಯುವವರು ಬೈದುಕೊಳ್ಳಿ, ಆದರೆ ಪೂರ್ತಿ ಓದಿ.

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಪ್ರೆಸ್. ಈಗ ಮದುವೆ ಸೀಸನ್, ಲಗ್ನಪತ್ರಿಕೆ ಮ್ಯಾಟರ್ ಎಲ್ಲ ಮೇಲ್‌ಗೇ ಬರುವುದು. ಮಂಗಳವಾರ ಬೆಳಿಗ್ಗೆಯಿಂದ ಫೋನ್‌ನಲ್ಲಿ ಒಂದೇ ಒಂದು ಮೇಲ್ ಇಲ್ಲ. "ಕಳಿಸಿ ಎರಡು ಗಂಟೆ ಆಯ್ತಲ್ರೀ" ಅಂತ ಗಿರಾಕಿಗಳ ಕಾಟ. ಜಿಮೇಲ್ ಕಸ್ಟಮರ್ ಕೇರ್ ಅಂತ ಹುಡುಕಿದೆ. ಎಲ್ಲಕ್ಕಿಂತ ಮೇಲೆ ಒಂದು ಮೊಬೈಲ್ ನಂಬರ್. ಒತ್ತಿಬಿಟ್ಟೆ.

ಕನ್ನಡದಲ್ಲೇ ಮಾತಾಡಿದ. ಅದೂ ನಮ್ಮ ಕಡೆಯ ಕನ್ನಡ. "ಸಿಂಕ್ ಎರರ್ ಸರ್ ಇದು. ಡಯಾಗ್ನೋಸ್ಟಿಕ್ ಲಾಗ್ ತಗೊಂಡು ಟೆಕ್ನಿಕಲ್ ಟೀಮಿಗೆ ಕಳಿಸ್ಬೇಕು."

ಲಾಗ್ ಅಂದ ತಕ್ಷಣ ನಂಬಿದೆ. ಯಾಕೆಂದರೆ ನನಗೆ ಲಾಗ್ ಗೊತ್ತಲ್ವಾ, ಫೋನ್ ಒಳಗೆ ಏನೇನಾಯಿತು ಅನ್ನುವುದರ ದಾಖಲೆ! ಎರಡು ವರ್ಷದ ಹಿಂದೆ ಫೋನ್ ಹ್ಯಾಂಗ್ ಆಗುತ್ತಿದ್ದಾಗ ಸರ್ವಿಸ್ ಸೆಂಟರ್ ಹುಡುಗ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿಸಿ, ಡೆವಲಪರ್ ಆಪ್ಷನ್ಸ್ ತೆಗೆಸಿ, ಬಗ್ ರಿಪೋರ್ಟ್ ಅಂತ ಒಂದು ಜಿಪ್ ಫೈಲ್ ತೆಗೆದುಕೊಂಡಿದ್ದ. ಅಷ್ಟೇ. ಪಾಸ್‌ವರ್ಡ್ ಕೇಳಲಿಲ್ಲ, ದುಡ್ಡು ಕೇಳಲಿಲ್ಲ. ಅದನ್ನು ಇವನಿಗೂ ಹೇಳಿದೆ. "ಅದೆಲ್ಲ ಹಳೇದು ಸರ್, ಈಗ ಲೈವ್ ಲಾಗ್" ಅಂದ.

ಲೈವ್ ಲಾಗ್ ಅಂತೆ! ಸ್ಕ್ರೀನ್ ಶೇರ್ ಮಾಡುವ ಒಂದು ಆ್ಯಪ್ ಹಾಕಿಸಿದ. ಅದರಲ್ಲಿ ಬಂದ ಒಂಬತ್ತು ಅಂಕಿ ಕೇಳಿದ. ಹೇಳಿದೆ. "ನನಗೆ ಲಾಗ್ ಮಾತ್ರ ಕಾಣ್ಸುತ್ತೆ ಸರ್, ಬೇರೇನೂ ಕಾಣಲ್ಲ."

ಎಲ್ಲ ಕಾಣುತ್ತಿತ್ತು.

ಆಮೇಲೆ ಬಂತು ನೋಡಿ. "ಲಾಗ್ ಅಪ್‌ಲೋಡ್ ಆಗ್ಬೇಕಂದ್ರೆ ಟಿಕೆಟ್ ತೆಗೀಬೇಕು ಸರ್. ಬರೀ 5 ರೂಪಾಯಿ, ವಾಪಸ್ ಬರುತ್ತೆ." 500 ಅಂದಿದ್ದರೂ ಫೋನ್ ಇಡುತ್ತಿದ್ದೆ. 5 ರೂಪಾಯಿ! ಅವನು ಕಳಿಸಿದ ಲಿಂಕ್‌ನಲ್ಲಿ ಡೆಬಿಟ್ ಕಾರ್ಡ್ ನಂಬರ್, ಹಿಂದುಗಡೆಯ ಮೂರು ಅಂಕಿ, ಎಲ್ಲ ನನ್ನ ಕೈಯಾರೆ ಹಾಕಿದೆ. ಒಟಿಪಿ ಮಾತ್ರ ಹೇಳಲಿಲ್ಲ. ಬ್ಯಾಂಕಿನಲ್ಲೂ ಹೇಳಿದೆ, ಸ್ಟೇಷನ್‌ನಲ್ಲೂ ಹೇಳಿದೆ, ಇಲ್ಲೂ ಹೇಳುತ್ತೇನೆ, ನಾನು ಒಟಿಪಿ ಹೇಳಲೇ ಇಲ್ಲ. ಹೇಳುವ ಕೆಲಸವೇ ಇರಲಿಲ್ಲ. ಮೆಸೇಜ್ ಪರದೆ ಮೇಲೆ ಇಳಿಯಿತು, ಅವನು ಅಲ್ಲೇ ಓದಿಕೊಂಡ.

24,999. ಹಿಂದೆಯೇ 19,500.

"ಏನ್ರೀ, ದುಡ್ಡು ಕಟ್ ಆಯ್ತಲ್ರೀ!" ಅಂದೆ. ಅವನಿಗೆ ಗಾಬರಿಯೇ ಇಲ್ಲ. "ಅದು ಟೆಸ್ಟ್ ಎಂಟ್ರಿ ಸರ್, ಲಾಗ್‌ನಲ್ಲಿ ಹಂಗೇ ತೋರಿಸುತ್ತೆ. ಫೋನ್ ಇಡಬೇಡಿ, ಇಟ್ರೆ ರೀಫಂಡ್ ಕ್ಯಾನ್ಸಲ್ ಆಗುತ್ತೆ." ಇಡಲಿಲ್ಲ ನಾನು! ಇನ್ನೂ ನಾಲ್ಕು ನಿಮಿಷ ಹಿಡಿದುಕೊಂಡೇ ಕೂತಿದ್ದೆ. ಮೂರನೇ ಒಟಿಪಿ ಬಂದಾಗ ತಲೆಗೆ ಹೊಳೆಯಿತು. ಫೋನನ್ನೇ ಆಫ್ ಮಾಡಿದೆ. ಆಮೇಲೆ ಪ್ರೆಸ್ಸಿನ ಲ್ಯಾಂಡ್‌ಲೈನ್‌ನಿಂದ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ನಗುತ್ತಾ ಅಂದ, "ಕಾರ್ಡ್ ನಂಬರ್ ಹಾಕಿದ್ದು ನೀವೇ ತಾನೇ ಸರ್?"

ಮರುದಿನ ಬ್ಯಾಂಕಿನಲ್ಲೂ ಅದೇ ಮಾತು. ಅಕ್ಷರಶಃ ಅದೇ. ಆರ್‌ಬಿಐನ 2017ರ ಸುತ್ತೋಲೆ ಬೇರೆ ತೋರಿಸಿದರು. ಗ್ರಾಹಕನ ತಪ್ಪಿನಿಂದ ದುಡ್ಡು ಹೋದರೆ, ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟ ಗ್ರಾಹಕನದೇ ಅಂತೆ. ಸರಿ, ಒಪ್ಪಿದೆ. ಆದರೆ ಪಕ್ಕದಲ್ಲಿ ಪಾಸ್‌ಬುಕ್ ಹಿಡಿದು ನಿಂತವರಿಗೆಲ್ಲ ಕೇಳಿಸುವ ಹಾಗೆ ಹೇಳಬೇಕಿತ್ತಾ?

ನನ್ನ ಇನ್ನೊಂದು ದಡ್ಡತನ ಕೇಳಿ. ಮನೆಯವಳಿಗೆ ಏನು ಹೇಳಲಿ ಅಂತ ಒಂದೂವರೆ ಗಂಟೆ ಸುಮ್ನೆ ಕೂತಿದ್ದೆ. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು. 19,500 ಎಲ್ಲೋ ಒಂದು ಖಾತೆಯಲ್ಲಿ ಹೋಲ್ಡ್ ಆಗಿದೆಯಂತೆ, ಇನ್ನೂ ಕೈಗೆ ಬಂದಿಲ್ಲ. 24,999 ಅಷ್ಟರಲ್ಲಿ ಡ್ರಾ ಆಗಿತ್ತು.

ಸಂಜೆ ತಂಗಿ ಮಗ ಬಂದು ಫೋನ್ ನೋಡಿದ. ಎರಡೇ ನಿಮಿಷ. "ಮಾಮಾ, 15 ಜಿಬಿ ತುಂಬಿದೆ, ಅಷ್ಟೇ." ಫೋಟೋ, ಡ್ರೈವ್, ಮೇಲ್ ಎಲ್ಲಕ್ಕೂ ಸೇರಿ ಅಷ್ಟೇ ಜಾಗವಂತೆ. ತುಂಬಿದರೆ ಹೊಸ ಮೇಲ್ ಬರುವುದಿಲ್ಲವಂತೆ. ಹಳೇ ಪತ್ರಿಕೆಗಳ ಪಿಡಿಎಫ್ ಒಂದಷ್ಟು ಅಳಿಸಿದ, ಗಿರಾಕಿಗಳಿಗೆ ಮತ್ತೊಮ್ಮೆ ಕಳಿಸಲು ಹೇಳಿದೆವು. ಬಂತು. ಇದರಲ್ಲಿ ಲಾಗ್ ಎಲ್ಲಿತ್ತು?

ಪುಕ್ಕಟೆ ಜಿಮೇಲ್‌ಗೆ ಫೋನ್ ಮಾಡಿ ಮಾತಾಡುವ ಕಸ್ಟಮರ್ ಕೇರೇ ಇಲ್ಲ, ಇದನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಿ. ನಿಜವಾದ ಲಾಗ್ ಅಂದರೆ ಒಂದು ಫೈಲ್. ನೀವೇ ತೆಗೆದು ನೀವೇ ಕಳಿಸುವಂಥದ್ದು. ಅದರಲ್ಲೂ ನಿಮ್ಮ ಖಾಸಗಿ ವಿಷಯ ಇರಬಹುದು, ಕಂಡ ಕಂಡವರಿಗೆ ಕೊಡಬೇಡಿ. ಕಾರ್ಡು, ಸ್ಕ್ರೀನ್ ಶೇರು, 5 ರೂಪಾಯಿ ಅಂದರೆ ಅಲ್ಲೇ ಇಟ್ಟುಬಿಡಿ. ದುಡ್ಡು ಹೋದರೆ ಮೊದಲು 1930, ಮನೆಯವರಿಗೆ ಆಮೇಲೆ ಹೇಳಿದರಾಯಿತು.

ಆ ನಂಬರ್ ಬಗ್ಗೆ ಮೂರು ಸಲ ರಿಪೋರ್ಟ್ ಮಾಡಿದ್ದೇನೆ. ಇವತ್ತು ಬೆಳಿಗ್ಗೆ ಹುಡುಕಿದೆ. ಇನ್ನೂ ಎಲ್ಲಕ್ಕಿಂತ ಮೇಲೆ ಅದೇ ಇದೆ.