ಫೀಸ್ ರಸೀದಿಯಲ್ಲಿ ಜಿಎಸ್‌ಟಿ ಹಾಕಿದ್ದರೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಆರ್ಟ್ ಮ್ಯಾನೇಜ್‌ಮೆಂಟ್, ಡಿಸೈನ್ ಮ್ಯಾನೇಜ್‌ಮೆಂಟ್ ಅಂತ ಬೆಂಗಳೂರಲ್ಲಿ ಕೋರ್ಸ್ ಹುಡುಕುತ್ತಿರುವವರು, ಈಗಷ್ಟೇ ಬಿವಿಎ (ಚಿತ್ರಕಲೆಯ ಪದವಿ) ಮುಗಿಸಿದವರು, ಅವರ ಅಪ್ಪ ಅಮ್ಮ, ದಯವಿಟ್ಟು ಪೂರ್ತಿ ಓದಿ. ನಾನು 3,77,600 ರೂಪಾಯಿಗೆ ಸಿಕ್ಕಿಹಾಕಿಕೊಂಡಿದ್ದೇನೆ. ಸಂಸ್ಥೆಯ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಒಂದು ದಡ ಸೇರುವವರೆಗೆ ಹೆಸರು ಬರೆಯಬೇಡ ಅಂತ ಮನೆಯಲ್ಲಿ ಹೇಳಿದ್ದಾರೆ. ಅವರು ಆಡಿದ ಮಾತುಗಳನ್ನು ಮಾತ್ರ ಹಾಗೇ ಬರೆಯುತ್ತೇನೆ. ಅದೇ ಮಾತು ನಿಮ್ಮ ಕಿವಿಗೂ ಬಿದ್ದರೆ ಎದ್ದು ಬನ್ನಿ.

ನಮ್ಮದು ದಾವಣಗೆರೆ. ಅಪ್ಪನದು ಫೋಟೋ ಫ್ರೇಮ್ ಅಂಗಡಿ. ಚಿಕ್ಕಂದಿನಿಂದ ನೋಡಿದ್ದೇನೆ, ಕಲಾವಿದರು ಪೇಂಟಿಂಗ್ ತಂದು ಫ್ರೇಮ್ ಹಾಕಿಸಿಕೊಂಡು ಹೋಗುತ್ತಾರೆ, ಆಮೇಲೆ ಆರು ತಿಂಗಳಾದರೂ ಗ್ಯಾಲರಿಯಿಂದ ದುಡ್ಡು ಬಂದಿರಲ್ಲ, ಫ್ರೇಮಿನ ಬಾಕಿ ನಮ್ಮ ಪುಸ್ತಕದಲ್ಲೇ ಇರುತ್ತೆ. ಚಿತ್ರ ಬರೆಯೋದು ಕಾಲೇಜಲ್ಲಿ ಕಲಿತೆ. ಅದಕ್ಕೆ ಬೆಲೆ ಕಟ್ಟೋದು ಹೇಗೆ, ಗ್ಯಾಲರಿಗೆ ಕಮಿಷನ್ ಎಷ್ಟು, ಚಿತ್ರ ಅವರ ಹತ್ತಿರ ಬಿಟ್ಟು ಬರುವಾಗ ಯಾವ ಕಾಗದ ಮಾಡಿಸಿಕೊಳ್ಳಬೇಕು, ಇದನ್ನು ಯಾರೂ ಹೇಳಿಕೊಡಲಿಲ್ಲ. ಅದನ್ನೇ ಓದಬೇಕು ಅಂತ ಆಸೆ ಇತ್ತು. ಆ ಆಸೆ ತಪ್ಪಲ್ಲ ಅಂತ ಈಗಲೂ ಅನ್ನಿಸುತ್ತೆ.

ಈ ಸಂಸ್ಥೆಗೆ ಫೋನ್ ನಂಬರ್ ಕೊಟ್ಟು ಹತ್ತು ನಿಮಿಷ ಆಗಿರಲಿಲ್ಲ, ಅಲ್ಲಿನ ಕೌನ್ಸೆಲರ್ ಫೋನ್ ಬಂತು. 'ಮಾಸ್ಟರ್ಸ್ ಲೆವೆಲ್ ಮೇಡಂ, ಯೂನಿವರ್ಸಿಟಿ ಡಿಗ್ರಿಗೆ ಸಮ. ಗ್ಯಾಲರಿ ಇಂಟರ್ನ್‌ಶಿಪ್ ಗ್ಯಾರಂಟಿ. ಎರಡೇ ಸೀಟ್ ಉಳಿದಿದೆ.' ಸಂಜೆ ಒಳಗೆ 50,000 ಕಟ್ಟಿ ಸೀಟ್ ಬ್ಲಾಕ್ ಮಾಡಿ ಅಂದರು. ಅಮ್ಮ ಎರಡು ಬಳೆ ಅಡ ಇಟ್ಟರು. ಉಳಿದಿದ್ದಕ್ಕೆ ಎಜುಕೇಶನ್ ಲೋನ್ ಕೇಳೋಣ ಅಂತ ಅಪ್ಪ ನಮ್ಮ ಬ್ಯಾಂಕಿಗೆ ಕರೆದುಕೊಂಡು ಹೋದರು. ಮ್ಯಾನೇಜರ್ ಬ್ರೋಷರ್ ತಿರುಗಿಸಿ ನೋಡಿ, 'ಇದಕ್ಕೆ ಯಾರ ಅಪ್ರೂವಲ್ ಇದೆಯಮ್ಮ? ಆ ಪತ್ರ ತಗೊಂಡು ಬಾ, ನೋಡೋಣ' ಅಂದರು. ಕೌನ್ಸೆಲರ್‌ಗೆ ಹೇಳಿದರೆ, 'ಬ್ಯಾಂಕಿನವರಿಗೆ ಡಿಸೈನ್ ಗೊತ್ತಾಗಲ್ಲ ಮೇಡಂ, ನಮ್ಮದು ಆಟೋನಮಸ್' ಅಂದರು. ಅವರೇ ಒಂದು ಫೈನಾನ್ಸ್ ಕಂಪನಿಯ ಲಿಂಕ್ ಕಳಿಸಿದರು. ಬಡ್ಡಿ ಇಲ್ಲ, 24 ಕಂತು, ತಿಂಗಳಿಗೆ 13,650. ಓಟಿಪಿ ಕೊಟ್ಟೆ. ಸಾಲ ನನ್ನ ಹೆಸರಿಗೆ ಬಂತು, ದುಡ್ಡು ಒಟ್ಟಿಗೆ ಅವರ ಅಕೌಂಟಿಗೆ ಹೋಯಿತು. ನಾಳೆ ಕಾಲೇಜು ಬಿಟ್ಟರೂ ಕಂತು ನಿಲ್ಲಲ್ಲ ಅನ್ನೋದು ಆವತ್ತು ನನಗೆ ಹೊಳೆಯಲೇ ಇಲ್ಲ.

ಪಾಠದ ಬಗ್ಗೆ ಜಾಸ್ತಿ ಹೇಳೋಕೆ ಏನೂ ಇಲ್ಲ. ಆರ್ಟ್ ಬಿಸಿನೆಸ್ ಅಂತ ಟೈಮ್‌ಟೇಬಲ್‌ನಲ್ಲಿ ಇದ್ದ ಪೀರಿಯಡ್‌ನಲ್ಲಿ ಇನ್‌ಸ್ಟಾಗ್ರಾಮ್‌ನಲ್ಲಿ ಯಾವಾಗ ಪೋಸ್ಟ್ ಹಾಕಬೇಕು ಅಂತ ಸ್ಲೈಡ್ ಓದುತ್ತಿದ್ದರು. ಒಂದು ಸಲ ನಾನು ಕಾಪಿರೈಟ್ ಕಾಯ್ದೆಯ 53ಎ ಸೆಕ್ಷನ್ ಬಗ್ಗೆ ಕೇಳಿದೆ. 1957ರ ಕಾಯ್ದೆ ಅದು. ಕಲಾವಿದ ಮಾರಿದ ಮೂಲ ಚಿತ್ರವನ್ನು ಕೊಂಡವರು ಮತ್ತೆ 10,000 ರೂಪಾಯಿಗಿಂತ ಜಾಸ್ತಿಗೆ ಮಾರಿದರೆ, ಕಲಾವಿದನಿಗೂ ಅದರಲ್ಲಿ ಪಾಲು ಕೇಳುವ ಹಕ್ಕಿದೆ, ಹೆಚ್ಚೆಂದರೆ 10 ಪರ್ಸೆಂಟ್. ನಮ್ಮಂಥವರಿಗೆ ಗೊತ್ತಿರಲೇಬೇಕಾದ ವಿಷಯ ಅಲ್ವಾ? 'ಅದೆಲ್ಲ ಸಿಲಬಸ್‌ನಲ್ಲಿ ಬರಲ್ಲ' ಅಂದು ಮುಂದಿನ ಸ್ಲೈಡ್ ಹಾಕಿದರು.

ಈಗ ಇಂಟರ್ನ್‌ಶಿಪ್ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೆಯಲೇಬೇಕು.

ಜನವರಿಯ ಮೊದಲ ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಕಲಾವಿದರು ಚಿತ್ರ ಮಾರುವ ಚಿತ್ರಸಂತೆ ನಡೆಯುತ್ತಲ್ಲ, ಅವತ್ತು ಬೆಳಿಗ್ಗೆ ಏಳಕ್ಕೇ ನಮ್ಮ ಬ್ಯಾಚ್‌ನ ಹನ್ನೊಂದು ಜನರನ್ನು ಅಲ್ಲಿಗೆ ಕರೆಸಿದರು. 'ಫೀಲ್ಡ್ ಇಂಟರ್ನ್‌ಶಿಪ್' ಅಂತ. ಕಲಾವಿದರ ಜೊತೆ ಕೂತು ವ್ಯಾಪಾರ ನೋಡುತ್ತೇವೆ ಅಂದುಕೊಂಡು ನೋಟ್‌ಬುಕ್ ಇಟ್ಟುಕೊಂಡು ಹೋಗಿದ್ದೆ. ಅಲ್ಲಿ ಕೈಗೆ ಕೊಟ್ಟಿದ್ದು ಪಾಂಪ್ಲೆಟ್ ಕಟ್ಟು. ಸಂಸ್ಥೆಯದೇ ಪಾಂಪ್ಲೆಟ್. ದಾರಿಯಲ್ಲಿ ಹೋಗುವವರಿಗೆ ಹಂಚಬೇಕು, ಆಸಕ್ತಿ ಇದ್ದವರ ಫೋನ್ ನಂಬರ್ ಬರೆದುಕೊಳ್ಳಬೇಕು, ಒಬ್ಬೊಬ್ಬರು ಐವತ್ತು ನಂಬರ್ ತರಬೇಕು.

ಕಟ್ಟು ಬಿಚ್ಚಿ ಮೊದಲನೇದನ್ನು ತಿರುಗಿಸಿದೆ. ಹಿಂದಿನ ಪುಟದಲ್ಲಿ ನಾಲ್ಕು ಫೋಟೋ. ಕೆಳಗಡೆ ಎಡಕ್ಕೆ ನಾನು. ಐಡಿ ಕಾರ್ಡಿಗೆ ಅಂತ ಮೊದಲ ದಿನ ತೆಗೆದ ಫೋಟೋ, ಹಸಿರು ಚೂಡಿದಾರ. ಕೆಳಗೆ 'ಪ್ರಮುಖ ಆರ್ಟ್ ಗ್ಯಾಲರಿಯಲ್ಲಿ ಉದ್ಯೋಗ' ಅಂತ ಇಂಗ್ಲಿಷಲ್ಲಿ ಅಚ್ಚಾಗಿತ್ತು. ನನಗಿನ್ನೂ ಮೊದಲ ಸೆಮಿಸ್ಟರ್ ಮುಗಿದಿರಲಿಲ್ಲ. ಕೌನ್ಸೆಲರ್ ಪಕ್ಕದಲ್ಲೇ ನಿಂತಿದ್ದರು. ತೋರಿಸಿದೆ. 'ಆಗೋದನ್ನೇ ಹಾಕಿದ್ದೀವಿ ಮೇಡಂ, ಖುಷಿ ಪಡಿ' ಅಂದರು.

ಆಗಲೇ ಎಸೆದು ಬರಬೇಕಿತ್ತು. ಬರಲಿಲ್ಲ. ಇಂಟರ್ನ್‌ಶಿಪ್ ಸರ್ಟಿಫಿಕೇಟಿಗೆ ಸಹಿ ಹಾಕುವವರು ಅವರೇ.

ಹನ್ನೊಂದು ಗಂಟೆ ಹೊತ್ತಿಗೆ ತಿಪಟೂರಿನಿಂದ ಬಂದಿದ್ದ ಒಬ್ಬರು, ಜೊತೆಗೆ ಮಗಳು, ಪಾಂಪ್ಲೆಟ್ ತಗೊಂಡರು. ಅವರು ಫೋಟೋ ನೋಡಿ, ನನ್ನ ಮುಖ ನೋಡಿ, 'ಓ ನೀನೇ ಅಲ್ವೇನಮ್ಮ ಇದು? ಚೆನ್ನಾಗಿ ಹೇಳಿಕೊಡ್ತಾರಾ? ಕೆಲಸ ಸಿಗುತ್ತಾ?' ಅಂತ ಕೇಳಿದರು. ಕೌನ್ಸೆಲರ್ ನೋಡುತ್ತಿದ್ದರು. ನಾನು 'ಹೂಂ ಅಂಕಲ್, ಚೆನ್ನಾಗಿದೆ' ಅಂದೆ. ಅವರು ಮಗಳ ಕೈಲೇ ನಂಬರ್ ಬರೆಸಿದರು. ಆ ಹುಡುಗಿ ಅಕ್ಷರ ದುಂಡಾಗಿತ್ತು.

ಯುಗಾದಿಗೆ ಊರಿಗೆ ಹೋದಾಗ ಉಳಿದದ್ದೂ ಗೊತ್ತಾಯಿತು. ಅಂಗಡಿಯ ಲೆಕ್ಕ ಬರೆಯುವ ಆಡಿಟರ್ ಬಂದಿದ್ದರು. ಅಪ್ಪನ ಫೈಲಿನಲ್ಲಿ ನನ್ನ ಫೀಸ್ ರಸೀದಿ ಇತ್ತು. ಅದನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ, ಫೀಸ್ 3,20,000, ಕೆಳಗೆ ಜಿಎಸ್‌ಟಿ 18 ಪರ್ಸೆಂಟ್ 57,600, ಆ ಸಾಲಿನ ಮೇಲೆ ಬೆರಳಿಟ್ಟು, 'ಏನವ್ವಾ, ಡಿಗ್ರಿ ಕೊಡೋ ಕಾಲೇಜಿನ ಫೀಸಿಗೆ ಜಿಎಸ್‌ಟಿ ಎಲ್ಲಿರುತ್ತೆ?' ಅಂದರು. ಕಾನೂನು ಒಪ್ಪುವ ಪದವಿ ಪಾಠಕ್ಕೆ ಜಿಎಸ್‌ಟಿ ಇಲ್ಲ. ಕೋಚಿಂಗ್ ಕ್ಲಾಸಿಗೆ ಇದೆ. ಅಂದರೆ ನನಗೆ ಮಾಸ್ಟರ್ಸ್ ಅಂತ ಹೇಳಿದವರು ಸರ್ಕಾರಕ್ಕೆ ನಿಜವನ್ನೇ ಹೇಳಿದ್ದಾರೆ, ರಸೀದಿಯಲ್ಲೇ ಅಚ್ಚು ಹಾಕಿ ನನ್ನ ಕೈಗೂ ಕೊಟ್ಟಿದ್ದಾರೆ, ಎಂಟು ತಿಂಗಳು ಅದು ನಮ್ಮ ಮನೆಯಲ್ಲೇ ಬಿದ್ದಿತ್ತು. ಅಪ್ಪ ಒಂದು ಮಾತೂ ಆಡಲಿಲ್ಲ. ಎದ್ದು ಹೋಗಿ ಗಾಜು ಕತ್ತರಿಸೋಕೆ ಕೂತರು.

ವಾಪಸ್ ಬಂದು ದುಡ್ಡು ಕೇಳಿದೆ. ವಾಟ್ಸಾಪ್‌ನಲ್ಲಿ ಬಂದ ಉತ್ತರಗಳು ಇವು. ಮೊದಲು: 'ನೀವೇ ಸೈನ್ ಮಾಡಿದ್ದೀರಲ್ವಾ, ನಾನ್ ರಿಫಂಡಬಲ್ ಅಂತ ಇದೆ.' ಆಮೇಲೆ: 'ಇಂಡಸ್ಟ್ರಿಯವರು ಡಿಗ್ರಿ ನೋಡಲ್ಲ, ಪೋರ್ಟ್‌ಫೋಲಿಯೋ ನೋಡ್ತಾರೆ.' ಯೂನಿವರ್ಸಿಟಿಗಳನ್ನು ನೋಡಿಕೊಳ್ಳುವ ಯುಜಿಸಿಯ ಫೀಸ್ ವಾಪಸ್ ನಿಯಮ ತೋರಿಸಿದೆ. ಅದಕ್ಕೆ: 'ಅದು ಯೂನಿವರ್ಸಿಟಿಗಳಿಗೆ ಮೇಡಂ. ನಾವು ಯೂನಿವರ್ಸಿಟಿ ಅಂತ ಯಾವತ್ತೂ ಹೇಳಿಲ್ಲ.' ಸೇರುವಾಗ ಯೂನಿವರ್ಸಿಟಿಗೆ ಸಮ, ದುಡ್ಡು ವಾಪಸ್ ಕೇಳಿದರೆ ಯೂನಿವರ್ಸಿಟಿಯೇ ಅಲ್ಲ! ಪಾಂಪ್ಲೆಟ್‌ನಿಂದ ನನ್ನ ಫೋಟೋ ತೆಗೆದುಹಾಕಿ ಅಂದಿದ್ದಕ್ಕೆ ಉತ್ತರವೇ ಇಲ್ಲ, ನೀಲಿ ಟಿಕ್ ಮಾತ್ರ.

ನೀವು ಮಾಡಬೇಕಾದ್ದು ಇಷ್ಟೇ. ಡಿಗ್ರಿ ಅಂದರೆ ಯಾವ ಯೂನಿವರ್ಸಿಟಿ ಅಂತ ಕೇಳಿ, ಯುಜಿಸಿ ಪಟ್ಟಿಯಲ್ಲಿ ನೀವೇ ಹುಡುಕಿ. ಪಿಜಿಡಿಎಂ (ಮ್ಯಾನೇಜ್‌ಮೆಂಟ್ ಪಿಜಿ ಡಿಪ್ಲೊಮಾ) ಅಂದರೆ ಅದಕ್ಕೆ ಅಪ್ರೂವಲ್ ಕೊಡುವ ಎಐಸಿಟಿಇ ಪಟ್ಟಿ ನೋಡಿ. ಸರ್ಕಾರಿ ಡಿಸೈನ್ ಸಂಸ್ಥೆ ಎನ್‌ಐಡಿಯಲ್ಲಿ ಸ್ಟ್ರಾಟೆಜಿಕ್ ಡಿಸೈನ್ ಮ್ಯಾನೇಜ್‌ಮೆಂಟ್ ಇದೆ, ಸರ್ಕಾರಿ ಫ್ಯಾಷನ್ ಸಂಸ್ಥೆ ನಿಫ್ಟ್‌ನಲ್ಲಿ ಫ್ಯಾಷನ್ ಮ್ಯಾನೇಜ್‌ಮೆಂಟ್ ಇದೆ. ಅವೆರಡಕ್ಕೂ ಸಂಸತ್ತಿನ ಕಾಯ್ದೆಯೇ ಇದೆ, ಎಂಟ್ರೆನ್ಸ್ ಬರೆಯಬೇಕು, ಸಂಜೆಯೊಳಗೆ ದುಡ್ಡು ಕಟ್ಟಿ ಅಂತ ಫೋನ್ ಮಾಡಲ್ಲ. ಜಿಎಸ್‌ಟಿ ಹಾಕುವ ಎಲ್ಲರೂ ಮೋಸಗಾರರು ಅಂತ ನಾನು ಹೇಳುತ್ತಿಲ್ಲ, ಸಣ್ಣ ಕೋರ್ಸ್ ಅಂತ ಹೇಳಿಯೇ ಚೆನ್ನಾಗಿ ಕಲಿಸುವವರು ಇದ್ದಾರೆ. ಮಾಸ್ಟರ್ಸ್ ಅಂತ ಬಾಯಲ್ಲಿ ಹೇಳಿ ರಸೀದಿಯಲ್ಲಿ 18 ಪರ್ಸೆಂಟ್ ಹಾಕಿದರೆ ಓಡಿ ಬನ್ನಿ. ಬ್ಯಾಂಕ್ ಮ್ಯಾನೇಜರ್ ಬೇಡ ಅಂದರೆ ಅವರ ಮಾತು ಕೇಳಿ. ಫೈನಾನ್ಸ್ ಲಿಂಕಿಗೆ ಓಟಿಪಿ ಕೊಡಲೇಬೇಡಿ, ಕೊಡಲೇಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ನಂಬರ್ ಬಂದಿದೆ. ಹತ್ತು ಕಂತು ಕಟ್ಟಿದ್ದೇನೆ, ಹದಿನಾಲ್ಕು ಬಾಕಿ ಇದೆ. ಬಳೆ ಇನ್ನೂ ಅಡದಲ್ಲೇ ಇವೆ.

ತಿಪಟೂರಿನ ಅಂಕಲ್, ನೀವು ಇದನ್ನು ಓದುತ್ತೀರೋ ಇಲ್ಲವೋ ಗೊತ್ತಿಲ್ಲ. ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ. ನನಗೆ ಯಾವ ಗ್ಯಾಲರಿಯಲ್ಲೂ ಕೆಲಸ ಸಿಕ್ಕಿಲ್ಲ. ದಯವಿಟ್ಟು ಮಗಳನ್ನು ಅಲ್ಲಿಗೆ ಸೇರಿಸಬೇಡಿ.